ಅಪ್‌ಗ್ರೇಡ್ ಬಳಿಕ ಲಾಗಿನ್ ಆಗದ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಿಸುವ ಮುನ್ನ

ಡೆಸ್ಕ್‌ಟಾಪ್ ಕಂಪ್ಯೂಟರಿನ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ ಬಳಿಕ, ಹಿಂದಿನ ದಿನದವರೆಗೆ ಸಲೀಸಾಗಿ ತೆರೆದುಕೊಳ್ಳುತ್ತಿದ್ದ ಯಂತ್ರ ಪಾಸ್‌ವರ್ಡ್ ಕೇಳುವ ಪರದೆಯಲ್ಲೇ ನಿಂತುಬಿಡುವುದು ಗೃಹಬಳಕೆದಾರರನ್ನು ಕಂಗೆಡಿಸುವ ತೊಂದರೆಗಳಲ್ಲಿ ಒಂದು. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ್ದರಿಂದ ಅನೇಕರು ವಿಂಡೋಸ್ 11ಕ್ಕೆ ಏರಬೇಕಾಯಿತು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇರುವ ಅಥವಾ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳದ ಕಾರಣ, ಅಂಥ ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಮನಸ್ಸಾಗದವರು ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ಲಿನಕ್ಸ್ ವ್ಯವಸ್ಥೆಗಳತ್ತ ನೋಡುವಂತಾಯಿತು. ಮಂಗಳೂರಿನ ಉತ್ತರ ಭಾಗದ ಕಾವೂರಿನಲ್ಲಿ, ಕೆಐಒಸಿಎಲ್ ವಸತಿ ಬಡಾವಣೆಯಿಂದ ಮಹಾಲಿಂಗೇಶ್ವರ ದೇವಸ್ಥಾನದ ಆಸುಪಾಸಿನವರೆಗೆ ಹರಡಿರುವ ಮನೆಗಳಲ್ಲಾಗಲಿ, ಬೊಂದೆಲ್, ಕುಂಜತ್ತಬೈಲುಗಳ ಸಣ್ಣ ಕಚೇರಿಗಳಲ್ಲಾಗಲಿ, ಈ ಎರಡೂ ಬಗೆಯ ಯಂತ್ರಗಳಿಗೆ ಕೊರತೆಯಿರಲಾರದು.

ಯಂತ್ರ ಒಳಗೆ ಬಿಡದಿದ್ದಾಗ ಮೊದಲು ಕಿವಿಗೆ ಬೀಳುವ ಸಲಹೆ ‘ಒಮ್ಮೆ ಫಾರ್ಮ್ಯಾಟ್ ಹೊಡೆಸಿಬಿಡಿ’ ಎಂಬುದು. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಬರಿದು ಮಾಡಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವುದು; ಅದರಿಂದ ಲಾಗಿನ್ ಸರಿಯಾಗುವುದು ನಿಜವಾದರೂ, ಮಕ್ಕಳ ಫೋಟೊ, ಜಿಎಸ್‌ಟಿ ಲೆಕ್ಕ, ಸೊಸೈಟಿಯ ಸಭೆಯ ನಡಾವಳಿಗಳೆಲ್ಲ ಅದರೊಡನೆ ಹೋಗುತ್ತವೆ. ಲಾಗಿನ್ ತೊಂದರೆಯಲ್ಲಿ ಬಳಕೆದಾರನ ಕಡತಗಳು ಬಹುಪಾಲು ಸಂದರ್ಭಗಳಲ್ಲಿ ಡಿಸ್ಕಿನಲ್ಲಿ ಹಾಗೆಯೇ ಸುರಕ್ಷಿತವಾಗಿರುತ್ತವೆ. ಕೆಟ್ಟಿರುವುದು ಅವುಗಳತ್ತ ಒಯ್ಯುವ ದಾರಿಯ ಯಾವುದೋ ಒಂದು ಹಂತ ಮಾತ್ರ. ಆ ಹಂತ ಯಾವುದೆಂದು ಗುರುತಿಸುವ ಮೊದಲೇ ಫಾರ್ಮ್ಯಾಟ್ ಮಾಡಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಯಾವ ಹಂತದಲ್ಲಿ ನಿಂತಿದೆ?

ಲಿನಕ್ಸ್ ಕಂಪ್ಯೂಟರನ್ನು ಚಾಲೂ ಮಾಡಿದಾಗ ಮೊದಲು ಗ್ರಬ್ ಎಂಬ ಪುಟ್ಟ ತಂತ್ರಾಂಶ ಎಚ್ಚರಗೊಂಡು, ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಸ್ಮೃತಿಗೆ ತುಂಬಿಸುತ್ತದೆ. ಕರ್ನೆಲ್ ಯಂತ್ರದ ಬಿಡಿಭಾಗಗಳನ್ನು ಗುರುತಿಸಿದ ಮೇಲೆ ಡಿಸ್‌ಪ್ಲೇ ಮ್ಯಾನೇಜರ್ ಎಂಬ ಭಾಗ ಬಳಕೆದಾರರ ಹೆಸರಿರುವ ಲಾಗಿನ್ ಪರದೆಯನ್ನು ತೋರಿಸುತ್ತದೆ. ಉಬುಂಟುವಿನಲ್ಲಿ ಈ ಕೆಲಸವನ್ನು ಜಿಡಿಎಂ, ಮಿಂಟ್‌ನಲ್ಲಿ ಲೈಟ್‌ಡಿಎಂ ನಿರ್ವಹಿಸುತ್ತದೆ. ಅಲ್ಲಿ ಬೆರಳಚ್ಚಿಸಿದ ಪಾಸ್‌ವರ್ಡನ್ನು ಪ್ಯಾಮ್ ಎಂಬ ಪರಿಶೀಲನಾ ವ್ಯವಸ್ಥೆ ಒಪ್ಪಿಕೊಂಡ ಮೇಲೆ ಮಾತ್ರ ಸೆಷನ್, ಎಂದರೆ ಆ ಬಳಕೆದಾರನ ಕಿಟಕಿ, ಮೆನು, ಹಿನ್ನೆಲೆ ಚಿತ್ರಗಳನ್ನೊಳಗೊಂಡ ಕೆಲಸದ ಆವರಣ, ತೆರೆದುಕೊಳ್ಳುತ್ತದೆ. ವಿಂಡೋಸಿನಲ್ಲಿ ಹೆಸರುಗಳು ಬೇರೆಯಾದರೂ ಕ್ರಮ ಹೆಚ್ಚುಕಡಿಮೆ ಇದೇ.

ಆದ್ದರಿಂದ ‘ಲಾಗಿನ್ ಆಗುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಪರಸ್ಪರ ಸಂಬಂಧವಿಲ್ಲದ ಹಲವು ಕಾಯಿಲೆಗಳಿರಬಹುದು. ಪಾಸ್‌ವರ್ಡ್ ತಪ್ಪೆಂದು ಪರದೆ ಸ್ಪಷ್ಟವಾಗಿ ಹೇಳಿದರೆ ತೊಂದರೆ ಪರಿಶೀಲನೆಯ ಹಂತದ್ದು; ತಪ್ಪೆಂದು ಹೇಳದೆ, ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಲಾಗಿನ್ ಪರದೆ ಬಂದು ನಿಂತರೆ ಪಾಸ್‌ವರ್ಡ್ ಸರಿಯಾಗಿದೆಯೆಂದೂ ಸೆಷನ್ ಆರಂಭವಾಗುವಾಗ ಕುಸಿಯುತ್ತಿದೆಯೆಂದೂ ತಿಳಿಯಬೇಕು; ಲಾಗಿನ್ ಪರದೆಯೇ ಕಾಣದೆ ಬರೀ ಕತ್ತಲೆಯೋ ಮಿನುಗುವ ಗೆರೆಯೋ ಇದ್ದರೆ ದೋಷ ಗ್ರಾಫಿಕ್ಸ್ ಡ್ರೈವರಿನಲ್ಲಿ ಅಥವಾ ಅರ್ಧಕ್ಕೆ ನಿಂತ ಅಪ್‌ಗ್ರೇಡಿನಲ್ಲಿರುವ ಸಂಭವ ಹೆಚ್ಚು. ಎರಡನೆಯ ಲಕ್ಷಣಕ್ಕೆ ಲಾಗಿನ್ ಲೂಪ್ ಎಂಬ ಹೆಸರಿದೆ. ದೂರದೂರಿನಲ್ಲಿರುವ ಮಗನಿಗೋ ಮಗಳಿಗೋ ಫೋನಿನಲ್ಲಿ ತೊಂದರೆ ವಿವರಿಸುವವರು ಈ ಮೂರರಲ್ಲಿ ಯಾವುದೆಂದು ನೋಡಿಟ್ಟುಕೊಂಡು ಹೇಳಿದರೆ, ಪರದೆಯ ಮಬ್ಬು ಫೋಟೊ ಕಳುಹಿಸುವುದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ.

ಪಾಸ್‌ವರ್ಡ್ ತಪ್ಪೆಂದರೆ ಮೊದಲು ಕೀಲಿಮಣೆ

ಕನ್ನಡ ಬಳಕೆದಾರರ ಮಟ್ಟಿಗೆ ಪಾಸ್‌ವರ್ಡ್ ತಿರಸ್ಕಾರದ ಅತಿ ಸರಳ ಕಾರಣ, ಆದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗದ ಕಾರಣ, ಕೀಲಿಮಣೆಯ ವಿನ್ಯಾಸ. ಒಂದೇ ಕೀಲಿಯನ್ನು ಒತ್ತಿದಾಗ ಯಾವ ಅಕ್ಷರ ಮೂಡಬೇಕೆಂದು ನಿರ್ಧರಿಸುವ ಪಟ್ಟಿಗೆ ವಿನ್ಯಾಸವೆನ್ನುತ್ತಾರೆ. ಕನ್ನಡಕ್ಕೆ ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕಗಪ ವಿನ್ಯಾಸವೂ ಬಳಕೆಯಲ್ಲಿವೆ. ಕನ್ನಡ ಗಣಕ ಪರಿಷತ್ತು ಅಳವಡಿಸಿಕೊಂಡು, ಕರ್ನಾಟಕ ಸರ್ಕಾರವೂ ಅಂಗೀಕರಿಸಿದ ಈ ಕಗಪ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. 1940ರಲ್ಲಿ ಜನಿಸಿದ ಕಿನ್ನಿಕಂಬಳ ಪದ್ಮನಾಭ ರಾಯರ ಹೆಸರಿನಲ್ಲೇ ಇರುವ ಕಿನ್ನಿಕಂಬಳ, ಕಾವೂರಿಗೆ ಹೆಚ್ಚು ದೂರವಲ್ಲದ ಗುರುಪುರ ಕೈಕಂಬದ ಸಮೀಪದ ಊರು. ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಅವರು ರೂಪಿಸಿ ಉಚಿತವಾಗಿ ಹಂಚಿದ ‘ಸೇಡಿಯಾಪು’ ತಂತ್ರಾಂಶದ ಮೂಲಕ ಈ ಜಾಣ ವಿನ್ಯಾಸ ಜನರ ಬೆರಳಿಗೆ ಬಂತು. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಇಂದು ಕನ್ನಡದ ಕೆಳಗೆ ಕಗಪದ ಹೆಸರೂ ಇದೆ.

ತೊಡಕು ಹುಟ್ಟುವುದು ಆ ವಿನ್ಯಾಸದ ಗುಣದಿಂದಲೇ. ಕಗಪದಲ್ಲಿ ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದರೆ ‘ಕ’ ಮೂಡುತ್ತದೆ, ‘ಎಫ್’ ಒತ್ತಿದರೆ ಒತ್ತಕ್ಷರ ಬೆಸೆಯುವ ಚಿಹ್ನೆ ಬೀಳುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಾದರೋ ಯಾವ ಅಕ್ಷರ ಬಿದ್ದರೂ ಕಾಣುವುದು ಒಂದೇ ಬಗೆಯ ಕಪ್ಪು ಚುಕ್ಕಿ. ಅಪ್‌ಗ್ರೇಡಿನ ವೇಳೆ ಹೊಸ ಆವೃತ್ತಿ ವಿನ್ಯಾಸಗಳ ಕ್ರಮವನ್ನು ಬದಲಿಸಿ ಕನ್ನಡವನ್ನು ಮೊದಲಿಗೆ ಇಟ್ಟುಕೊಂಡಿದ್ದರೆ, ಸರಿಯಾದ ಕೀಲಿಗಳನ್ನೇ ಸರಿಯಾದ ಕ್ರಮದಲ್ಲಿ ಒತ್ತಿದ ಬಳಕೆದಾರ, ತನ್ನ ಪಾಸ್‌ವರ್ಡನ್ನೇ ಮರೆತೆನೆಂದು ಅನುಮಾನಿಸುತ್ತ ಹತ್ತು ಸಲ ಪ್ರಯತ್ನಿಸಿ ಸೋಲುತ್ತಾನೆ. ಉಬುಂಟುವಿನ ಲಾಗಿನ್ ಪರದೆಯ ಮೇಲಿನ ಬಲತುದಿಯಲ್ಲೂ ವಿಂಡೋಸಿನಲ್ಲಿ ಕೆಳಗಿನ ಬಲತುದಿಯಲ್ಲೂ ಆ ಕ್ಷಣದ ಭಾಷೆಯನ್ನು ಸೂಚಿಸುವ ಗುರುತು ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಇಂಗ್ಲಿಷಿಗೆ ಬದಲಿಸಬೇಕು. ವಿಂಡೋಸ್ ಕೀಲಿಯನ್ನು ಅದುಮಿ ಹಿಡಿದು ಸ್ಪೇಸ್‌ಬಾರ್ ಒತ್ತಿದರೂ ಎರಡೂ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಭಾಷೆ ಬದಲಾಗುತ್ತದೆ. ಸಂಶಯ ಪರಿಹಾರಕ್ಕೆ ಇನ್ನೊಂದು ಉಪಾಯವೆಂದರೆ, ಉಬುಂಟುವಿನಲ್ಲಿ ‘ನಾಟ್ ಲಿಸ್ಟೆಡ್’ ಎಂಬುದನ್ನು ಆರಿಸಿ, ಹೆಸರು ಬರೆಯುವ ಪೆಟ್ಟಿಗೆಯಲ್ಲಿ ಪಾಸ್‌ವರ್ಡಿನ ಮೊದಲ ಎರಡು ಮೂರು ಕೀಲಿಗಳನ್ನು ಒತ್ತಿ ನೋಡುವುದು; ಅಲ್ಲಿ ಅಕ್ಷರಗಳು ಕಣ್ಣಿಗೆ ಕಾಣುತ್ತವೆ. ನೋಡಿದ ಮೇಲೆ ಎಂಟರ್ ಒತ್ತದೆ ಅಳಿಸಿಬಿಡಬೇಕು.

ಕಾಸರಗೋಡು, ಮಂಜೇಶ್ವರಗಳ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು ಈ ಮಾತನ್ನು ವಿಶೇಷವಾಗಿ ಗಮನಿಸಬಹುದು. ಕೇರಳದ ಶಾಲೆಗಳಲ್ಲಿ ಬಳಸುವ, ಉಬುಂಟುವನ್ನು ಆಧರಿಸಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆಯ 22.04 ಆವೃತ್ತಿ 2024ರಲ್ಲಿ ಬಂತು; ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ವಿನ್ಯಾಸಗಳನ್ನು ಒಂದೇ ಯಂತ್ರದಲ್ಲಿ ಸೇರಿಸಿಕೊಂಡಲ್ಲಿ ತಪ್ಪು ಭಾಷೆಯಲ್ಲಿ ಪಾಸ್‌ವರ್ಡ್ ಒತ್ತುವ ಸಾಧ್ಯತೆ ಆ ಪ್ರಮಾಣದಲ್ಲೇ ಹೆಚ್ಚುತ್ತದೆ. ಕ್ಯಾಪ್ಸ್ ಲಾಕ್ ದೀಪವನ್ನು ನೋಡುವುದು ಎಲ್ಲರಿಗೂ ಗೊತ್ತು, ಆದರೆ ನಮ್ ಲಾಕ್ ಮರೆತುಹೋಗುತ್ತದೆ: ಪಾಸ್‌ವರ್ಡಿನಲ್ಲಿರುವ ಅಂಕಿಗಳನ್ನು ಬಲಬದಿಯ ಅಂಕಿಪಟ್ಟಿಯಿಂದ ಒತ್ತುವ ರೂಢಿಯಿದ್ದವರಿಗೆ, ಅಪ್‌ಗ್ರೇಡ್ ಬಳಿಕ ನಮ್ ಲಾಕ್ ಆರಿದ ಸ್ಥಿತಿಯಲ್ಲಿ ಯಂತ್ರ ಏಳುತ್ತಿದ್ದರೆ ಒಂದು ಅಂಕಿಯೂ ಬೀಳುವುದಿಲ್ಲ.

ಒಳಗೆ ಬಿಟ್ಟು ಹೊರಗೆ ತಳ್ಳುವ ಲಾಗಿನ್ ಲೂಪ್

ಲೂಪಿನ ಕಾರಣ ಪತ್ತೆಹಚ್ಚಲು ಚಿತ್ರಗಳಿಲ್ಲದ ಅಕ್ಷರಪರದೆ ಬೇಕು. ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಅದುಮಿ ಹಿಡಿದು ಎಫ್3 ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ‘ಲಾಗಿನ್’ ಎಂದು ಕೇಳುವ ಈ ಪರದೆ ಬರುತ್ತದೆ; ಇದಕ್ಕೆ ಕನ್ಸೋಲ್ ಎಂದು ಹೆಸರು. ಇಲ್ಲಿ ಕೊಡಬೇಕಾದದ್ದು ಲಾಗಿನ್ ಪರದೆಯಲ್ಲಿ ತೋರುವ ಪೂರ್ಣ ಹೆಸರಲ್ಲ, ಸಾಮಾನ್ಯವಾಗಿ ಸಣ್ಣಕ್ಷರಗಳಲ್ಲಿರುವ ಚಿಕ್ಕ ಬಳಕೆದಾರ ಹೆಸರು. ಪಾಸ್‌ವರ್ಡ್ ಬೆರಳಚ್ಚಿಸುವಾಗ ಇಲ್ಲಿ ಚುಕ್ಕಿಯಾಗಲಿ ನಕ್ಷತ್ರವಾಗಲಿ ಮೂಡುವುದಿಲ್ಲ. ಕೀಲಿಮಣೆಯೇ ಕೆಟ್ಟಿತೆಂದು ಭಾವಿಸದೆ ಪೂರ್ತಿ ಒತ್ತಿ ಎಂಟರ್ ಕೊಡಬೇಕು. ಇಲ್ಲಿ ಒಳಗೆ ಹೋಗಲು ಸಾಧ್ಯವಾದರೆ ಪಾಸ್‌ವರ್ಡಿನ ಬಗೆಗಿನ ಎಲ್ಲ ಸಂಶಯ ಅಲ್ಲಿಗೇ ತೀರಿತು. ಇಡೀ ವ್ಯವಸ್ಥೆಯನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಈ ಪರದೆಯ ಸಂದೇಶಗಳು ಚೌಕಗಳಂತೆಯೋ ವಿಚಿತ್ರ ಗುರುತುಗಳಂತೆಯೋ ಕಾಣಬಹುದು; ಕನ್ಸೋಲಿಗೆ ಕನ್ನಡದ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವ ಸಾಮರ್ಥ್ಯವಿಲ್ಲದಿರುವುದೇ ಇದಕ್ಕೆ ಕಾರಣ, ಕಡತಗಳು ಕೆಟ್ಟಿವೆ ಎಂದಲ್ಲ. ಕನ್ನಡ ಸಂದೇಶಗಳ ಅನುವಾದಕ್ಕೆ ಸ್ವಯಂಸೇವಕರು ಇಷ್ಟು ದುಡಿದ ಮೇಲೂ, ಯಂತ್ರ ಕೆಟ್ಟ ಹೊತ್ತಿನಲ್ಲಿ ಕನ್ನಡ ಓದಲಾಗದಿರುವುದು ಲಿನಕ್ಸಿನ ದೊಡ್ಡ ಕೊರತೆಯೆಂದೇ ಹೇಳಬೇಕು.

ಮೊದಲು ನೋಡಬೇಕಾದದ್ದು ಡಿಸ್ಕಿನಲ್ಲಿ ಜಾಗ ಉಳಿದಿದೆಯೇ ಎಂದು. ಕನ್ಸೋಲಿನಲ್ಲಿ ‘ಡಿ, ಎಫ್’ ಎಂಬ ಎರಡು ಇಂಗ್ಲಿಷ್ ಸಣ್ಣಕ್ಷರಗಳನ್ನು ಒತ್ತಿ, ಒಂದು ತೆರಪು ಬಿಟ್ಟು, ಅಡ್ಡಗೆರೆ ಮತ್ತು ‘ಎಚ್’ ಒತ್ತಿದರೆ ಪ್ರತಿಯೊಂದು ವಿಭಾಗದ ಗಾತ್ರ, ಬಳಕೆ, ಉಳಿಕೆಗಳ ಪಟ್ಟಿ ಬರುತ್ತದೆ. ಬರೀ ಓರೆಗೆರೆಯಿಂದ ಸೂಚಿತವಾದ ಮುಖ್ಯ ವಿಭಾಗದ ಎದುರು ನೂರು ಶೇಕಡಾ ಎಂದಿದ್ದರೆ ರೋಗ ಸಿಕ್ಕಿತು. ಅಪ್‌ಗ್ರೇಡ್ ತಂತ್ರಾಂಶ ಹಲವು ಗಿಗಾಬೈಟ್‌ಗಳಷ್ಟು ಹೊಸ ಪೊಟ್ಟಣಗಳನ್ನು, ಅಂದರೆ ಪ್ಯಾಕೇಜುಗಳನ್ನು, ಇಳಿಸಿಕೊಂಡು ಅವುಗಳ ಪ್ರತಿಗಳನ್ನೂ ಇಟ್ಟುಕೊಳ್ಳುತ್ತದೆ. 120 ಗಿಗಾಬೈಟ್‌ನ ಸಣ್ಣ ಎಸ್‌ಎಸ್‌ಡಿಯನ್ನು ವಿಂಡೋಸಿಗೂ ಲಿನಕ್ಸಿಗೂ ಹಂಚಿಕೊಟ್ಟಿರುವ ಯಂತ್ರಗಳು ಈ ಭಾರವನ್ನು ತಾಳಲಾರವು. ಸೆಷನ್ ಆರಂಭವಾಗುವಾಗ ಕೆಲವು ಸಣ್ಣ ಕಡತಗಳನ್ನು ಬರೆಯಲೇಬೇಕಿದ್ದು, ಅದಕ್ಕೂ ಜಾಗವಿಲ್ಲದಾಗ ಅದು ಮೌನವಾಗಿ ಕುಸಿದು ಲಾಗಿನ್ ಪರದೆಗೆ ಮರಳುತ್ತದೆ. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಯಾದ ಇಎಕ್ಸ್‌ಟಿ4, ರೂಢಿಯಂತೆ ಡಿಸ್ಕಿನ ಶೇಕಡಾ 5ರಷ್ಟನ್ನು ರೂಟ್ ಎಂಬ ಮೇಲ್ವಿಚಾರಕನಿಗೆಂದೇ ಕಾದಿರಿಸುವುದರಿಂದ, ಬಳಕೆದಾರನಿಗೆ ಜಾಗ ಮುಗಿದ ಮೇಲೂ ರಿಪೇರಿಗೆ ಎಡೆ ಉಳಿದಿರುತ್ತದೆ. ‘ಸುಡೊ’, ‘ಆಪ್ಟ್’, ‘ಕ್ಲೀನ್’ ಎಂಬ ಮೂರು ಪದಗಳ ಆದೇಶ ಇಳಿಸಿಟ್ಟ ಪ್ಯಾಕೇಜುಗಳ ಪ್ರತಿಗಳನ್ನು ಅಳಿಸುತ್ತದೆ. ಇದರಲ್ಲಿ ಸುಡೊ ಎಂಬುದು ಎಸ್, ಯು, ಡಿ, ಒ ಎಂಬ ನಾಲ್ಕಕ್ಷರಗಳ ಪದವಾಗಿದ್ದು, ಮುಂದಿನ ಕೆಲಸವನ್ನು ಮೇಲ್ವಿಚಾರಕನ ಅಧಿಕಾರದಿಂದ ಮಾಡೆಂದು ಹೇಳುತ್ತದೆ, ಆಪ್ಟ್ ಎಂಬುದು ಎ, ಪಿ, ಟಿ. ಇದೊಂದರಿಂದಲೇ ಎಷ್ಟೋ ಯಂತ್ರಗಳು ಮರಳಿ ತೆರೆದುಕೊಳ್ಳುತ್ತವೆ.

ಜಾಗ ಸಾಕಷ್ಟಿದ್ದರೂ ಲೂಪ್ ಮುಂದುವರಿದರೆ ಒಡೆತನದ ದೋಷವನ್ನು ಶಂಕಿಸಬೇಕು. ಲಿನಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಯಾವಾಗಲೋ ಸುಡೊ ಬಳಸಿ ಚಿತ್ರಪರದೆಯ ತಂತ್ರಾಂಶವೊಂದನ್ನು ಓಡಿಸಿದ್ದರೆ, ಬಳಕೆದಾರನ ಮನೆ ಫೋಲ್ಡರಿನೊಳಗಿನ ಕೆಲವು ಗುಪ್ತ ಕಡತಗಳು ರೂಟ್‌ನ ಸ್ವತ್ತಾಗಿಬಿಟ್ಟಿರುತ್ತವೆ. ಮಿಂಟ್‌ನಂತೆ ಲೈಟ್‌ಡಿಎಂ ಬಳಸುವ ವ್ಯವಸ್ಥೆಗಳಲ್ಲಿ ಕುಖ್ಯಾತವಾದದ್ದು ಎಕ್ಸ್‌ಅಥಾರಿಟಿ ಎಂಬ, ಚುಕ್ಕಿಯಿಂದ ಆರಂಭವಾಗುವ ಹೆಸರಿನ ಕಡತ. ಪರದೆಯ ಮೇಲೆ ಚಿತ್ರ ಬಿಡಿಸುವ ಅನುಮತಿಚೀಟಿ ಅದರಲ್ಲಿರುತ್ತದೆ. ‘ಎಲ್, ಎಸ್’ ಆದೇಶಕ್ಕೆ, ತೆರಪು ಬಿಟ್ಟು, ಅಡ್ಡಗೆರೆ, ‘ಎಲ್’ ಮತ್ತು ‘ಎ’ ಸೇರಿಸಿದರೆ ಬರುವ ಪಟ್ಟಿಯಲ್ಲಿ ಆ ಕಡತದ ಎದುರು ತನ್ನ ಹೆಸರಿನ ಬದಲು ರೂಟ್ ಎಂದಿದ್ದರೆ, ‘ಎಂ, ವಿ’ ಆದೇಶದಿಂದ ಅದರ ಹೆಸರನ್ನು ಬದಲಿಸಿಟ್ಟರೆ ಸಾಕು. ಮುಂದಿನ ಲಾಗಿನ್ನಿನಲ್ಲಿ ಹೊಸ ಚೀಟಿ ತಾನಾಗಿ ಹುಟ್ಟುತ್ತದೆ. ಉದ್ದನೆಯ ಹೆಸರನ್ನು ಪೂರ್ತಿ ಬೆರಳಚ್ಚಿಸಬೇಕಿಲ್ಲ, ಚುಕ್ಕಿ ಮತ್ತು ದೊಡ್ಡ ‘ಎಕ್ಸ್’ ಒತ್ತಿ ಟ್ಯಾಬ್ ಕೀಲಿಯನ್ನು ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬಿಸುತ್ತದೆ. ಅಳಿಸುವುದಕ್ಕಿಂತ ಹೆಸರು ಬದಲಿಸುವುದು ಲೇಸು, ಏಕೆಂದರೆ ಊಹೆ ತಪ್ಪಾಗಿದ್ದರೆ ಹಿಂದಿನಂತೆಯೇ ಮಾಡಬಹುದು.

ಕನ್ನಡ ಟೈಪಿಂಗಿಗಾಗಿ ಐಬಸ್ ಎಂಬ ಅಕ್ಷರ ನಮೂದಿನ ತಂತ್ರಾಂಶವನ್ನು ಹೊಂದಿಸುವಾಗ, ಯಾರೋ ಹೇಳಿದ ಸಾಲುಗಳನ್ನು ಪ್ರೊಫೈಲ್ ಎಂಬ ಗುಪ್ತ ಕಡತಕ್ಕೆ ಅಂಟಿಸಿದವರೂ ಇದ್ದಾರೆ. ಲಾಗಿನ್ ಹೊತ್ತಿನಲ್ಲಿ ಈ ಕಡತವನ್ನು ಓದಲಾಗುವುದರಿಂದ ಅದರಲ್ಲಿನ ಒಂದು ಉದ್ಧರಣ ಚಿಹ್ನೆ ಹೆಚ್ಚುಕಡಿಮೆಯಾದರೂ ಸೆಷನ್ ನಿಂತುಹೋಗಬಹುದು. ಇದನ್ನೂ ಹೆಸರು ಬದಲಿಸಿ ಪರೀಕ್ಷಿಸಬಹುದು. ಇವೆಲ್ಲಕ್ಕಿಂತ ಖಚಿತವಾದ ಪರೀಕ್ಷೆ ಮತ್ತೊಬ್ಬ ಬಳಕೆದಾರನನ್ನು ಸೃಷ್ಟಿಸುವುದು. ‘ಸುಡೊ’ ಜೊತೆಗೆ ‘ಆಡ್‌ಯೂಸರ್’ ಆದೇಶ ಕೊಟ್ಟು ಹೊಸ ಹೆಸರೊಂದನ್ನು ನೀಡಿ, ಆ ಹೆಸರಿನಿಂದ ಚಿತ್ರಪರದೆಯಲ್ಲಿ ಲಾಗಿನ್ ಆಗಲು ಸಾಧ್ಯವಾದರೆ, ವ್ಯವಸ್ಥೆ ಆರೋಗ್ಯವಾಗಿದ್ದು ದೋಷವಿರುವುದು ಹಳೆಯ ಬಳಕೆದಾರನ ವೈಯಕ್ತಿಕ ಹೊಂದಾಣಿಕೆಗಳಲ್ಲಿ ಮಾತ್ರವೆಂದು ಸಿದ್ಧವಾಗುತ್ತದೆ. ಹೊಸ ಬಳಕೆದಾರನೂ ಲೂಪಿಗೆ ಸಿಕ್ಕರೆ ಮನೆ ಫೋಲ್ಡರನ್ನು ಕೆದಕುವುದನ್ನು ಬಿಟ್ಟು ಡ್ರೈವರುಗಳತ್ತ ತಿರುಗಬೇಕು.

ಕಪ್ಪು ಪರದೆ

ಡ್ರೈವರ್ ಎಂದರೆ ಯಂತ್ರದ ಬಿಡಿಭಾಗವೊಂದರ ಜೊತೆ ಕರ್ನೆಲ್ ಮಾತನಾಡಲು ಬೇಕಾದ ತಂತ್ರಾಂಶ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳ ಡ್ರೈವರನ್ನು ಪ್ರತಿಯೊಂದು ಹೊಸ ಕರ್ನೆಲಿಗೂ ಹೊಂದಿಸಬೇಕಾಗುತ್ತದೆ. ಅಪ್‌ಗ್ರೇಡಿನಲ್ಲಿ ಕರ್ನೆಲ್ ಬದಲಾಗಿ ಈ ಹೊಂದಾಣಿಕೆ ವಿಫಲವಾದರೆ ಪರದೆ ಕಪ್ಪಾಗುತ್ತದೆ. ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಚಾಲೂ ಇರುವ ಯಂತ್ರಗಳಲ್ಲಿ, ಹೊಸ ಡ್ರೈವರಿನ ಸಹಿಯನ್ನು ಒಪ್ಪಿಕೊಳ್ಳಬೇಕೇ ಎಂದು ಕೇಳುವ ನೀಲಿ ಪರದೆಯೊಂದು ಮರುಚಾಲನೆಯ ವೇಳೆ ಕೆಲವು ಸೆಕೆಂಡುಗಳ ಕಾಲ ಮಾತ್ರ ಬರುತ್ತದೆ. ಅರ್ಥವಾಗದೆ ಅದನ್ನು ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗುವುದೇ ಇಲ್ಲ. ಪರಿಹಾರಕ್ಕೆ ಗ್ರಬ್ ಮೆನುವನ್ನು ತೆರೆಯಬೇಕು: ಯಂತ್ರ ಚಾಲೂ ಆಗುವಾಗ ಹಳೆಯ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಹಿಡಿದಿಟ್ಟೋ ಹೊಸ ಯಂತ್ರಗಳಲ್ಲಿ ಎಸ್ಕೇಪ್ ಒತ್ತಿಯೋ ಆ ಮೆನು ತರಿಸಿ, ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಪಟ್ಟಿಯಾಗಿರುವ ಹಿಂದಿನ ಕರ್ನೆಲನ್ನು ಆರಿಸಬೇಕು. ಅದರಿಂದ ಪರದೆ ಬಂದರೆ ಕಾರಣ ತಿಳಿದಂತಾಯಿತು, ಡ್ರೈವರನ್ನು ನಿಧಾನವಾಗಿ ಮರುಸ್ಥಾಪಿಸಬಹುದು.

ಚಿತ್ರ ಬಿಡಿಸುವ ವ್ಯವಸ್ಥೆಯೇ ಬದಲಾಗಿರುವುದು ಇನ್ನೊಂದು ಕಾರಣ. ಲಿನಕ್ಸಿನಲ್ಲಿ ದಶಕಗಳ ಕಾಲ ಇದ್ದ ಎಕ್ಸ್11 ವ್ಯವಸ್ಥೆಯ ಜಾಗಕ್ಕೆ ವೇಲ್ಯಾಂಡ್ ಬರುತ್ತಿದ್ದು, ಉಬುಂಟು 22.04 ಮತ್ತು 24.04ರಲ್ಲಿ ಎರಡೂ ಇವೆ. ಲಾಗಿನ್ ಪರದೆಯಲ್ಲಿ ಹೆಸರನ್ನು ಆರಿಸಿದ ಮೇಲೆ ಕೆಳಗಿನ ಬಲತುದಿಯಲ್ಲಿ ಕಾಣುವ ಹಲ್ಲುಗಾಲಿಯ ಗುರುತನ್ನು ಒತ್ತಿ ‘ಉಬುಂಟು ಆನ್ ಎಕ್ಸಾರ್ಗ್’ ಆರಿಸಿದರೆ ಹಳೆಯ ವ್ಯವಸ್ಥೆಯಲ್ಲಿ ಒಳಹೋಗಬಹುದು. 2025ರ ಅಕ್ಟೋಬರಿನಲ್ಲಿ ಬಂದ 25.10ರಲ್ಲಿ ಈ ಆಯ್ಕೆಯನ್ನು ತೆಗೆದುಹಾಕಲಾಗಿದೆ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇರುವವರು ಐದು ವರ್ಷಗಳ ಬೆಂಬಲವಿರುವ 24.04ರಂಥ ಆವೃತ್ತಿಯಲ್ಲೇ ನೆಮ್ಮದಿಯಾಗಿ ಇರುವುದು ಒಳ್ಳೆಯದು. ಹೊಸದೆಂಬ ಒಂದೇ ಕಾರಣಕ್ಕೆ ಏರಬೇಕಾದ ತುರ್ತು ಯಾವ ಗೃಹಬಳಕೆದಾರನಿಗೂ ಇಲ್ಲ.

ನಡುವೆ ಕರೆಂಟು ಹೋದರೆ

ಕರಾವಳಿಯಲ್ಲಿ ಮಳೆಗಾಲದ ಹೊಸ್ತಿಲಿನ ಪತ್ತನಾಜೆಯ ಆಸುಪಾಸಿನ ಗುಡುಗು ಸಿಡಿಲಿನ ಸಂಜೆಗಳು ಅಪ್‌ಗ್ರೇಡಿಗೆ ಹೇಳಿ ಮಾಡಿಸಿದ ಹೊತ್ತಲ್ಲ. ವಿದ್ಯುತ್ ಪೂರೈಸುವ ಮೆಸ್ಕಾಂನ ಪ್ರಧಾನ ಕಚೇರಿ ಬಿಜೈಯ ಕಾವೂರು ಕ್ರಾಸ್ ರಸ್ತೆಯಲ್ಲೇ ಇದ್ದರೂ ಸಿಡಿಲಿಗೆ ಆ ದಾಕ್ಷಿಣ್ಯವಿಲ್ಲ. ನೂರಾರು ಪ್ಯಾಕೇಜುಗಳಲ್ಲಿ ಅರ್ಧ ಹೊಸದಾಗಿ, ಅರ್ಧ ಹಳೆಯದಾಗಿ ಉಳಿದ ಸ್ಥಿತಿಯಲ್ಲಿ ವಿದ್ಯುತ್ ಕಡಿದುಹೋದರೆ, ಮರುಚಾಲನೆಯಲ್ಲಿ ಲಾಗಿನ್ ಪರದೆ ಬಾರದಿರುವುದು ಸಹಜ. ಉಬುಂಟುವಿನಲ್ಲಿ ಗ್ರಬ್ ಮೆನುವಿನ ಅದೇ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ‘ರಿಕವರಿ ಮೋಡ್’ ಎಂದು ಬರೆದಿರುವ ಸಾಲನ್ನು ಆರಿಸಿದರೆ ಕೆಲವೇ ಆಯ್ಕೆಗಳ ಸರಳ ಪಟ್ಟಿ ಬರುತ್ತದೆ. ಅದರಲ್ಲಿ ‘ಕ್ಲೀನ್’ ಎಂಬುದು ಡಿಸ್ಕಿನಲ್ಲಿ ಜಾಗ ಮಾಡಿಕೊಡುತ್ತದೆ, ‘ಎಫ್‌ಎಸ್‌ಸಿಕೆ’ ಕಡತವ್ಯವಸ್ಥೆಯ ದೋಷಗಳನ್ನು ತಿದ್ದುತ್ತದೆ, ‘ಡಿಪಿಕೆಜಿ’ ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಪೂರ್ಣಗೊಳಿಸುತ್ತದೆ. ಆದೇಶಗಳನ್ನು ಬೆರಳಚ್ಚಿಸಲು ಅಳುಕುವವರು ಇದೇ ಪಟ್ಟಿಯಿಂದ ಆರಂಭಿಸುವುದು ವಿವೇಕ. ಲ್ಯಾಪ್‌ಟಾಪಿಗೆ ಬ್ಯಾಟರಿಯ ಆಸರೆಯಿದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಮಳೆ ಕಳೆದು ಆಕಾಶ ತಿಳಿಯಾಗುವ ತನಕ ಕಾಯುವುದರಿಂದ ನಷ್ಟವೇನೂ ಇಲ್ಲ.

ವಿಂಡೋಸ್ ಬಳಕೆದಾರರಿಗೆ

ವಿಂಡೋಸ್ 11ರಲ್ಲಿ ಪಿನ್ ಸಂಖ್ಯೆ ಕೆಲಸ ಮಾಡದಿದ್ದರೆ ‘ಸೈನ್ ಇನ್ ಆಪ್ಷನ್ಸ್’ ಒತ್ತಿ ಪಾಸ್‌ವರ್ಡನ್ನೇ ಕೊಟ್ಟು ನೋಡಬೇಕು, ಏಕೆಂದರೆ ಪಿನ್ ಆ ಒಂದು ಯಂತ್ರಕ್ಕೆ, ಟಿಪಿಎಂ ಚಿಪ್ ಇರುವಲ್ಲಿ ಆ ಚಿಪ್ಪಿಗೆ, ಕಟ್ಟುಬಿದ್ದಿರುವುದರಿಂದ ಚಿಪ್ಪಿನ ಮಾಹಿತಿ ಅಳಿಸಿದರೆ ನಿರರ್ಥಕವಾಗುತ್ತದೆ, ಪಾಸ್‌ವರ್ಡ್ ಆಗುವುದಿಲ್ಲ. 2025ರ ಆಗಸ್ಟಿನ ಬಳಿಕದ ಕೆಲವು ಅಪ್‌ಡೇಟುಗಳಲ್ಲಿ ಪಾಸ್‌ವರ್ಡ್ ಆಯ್ಕೆಯ ಗುರುತೇ ಕಣ್ಣಿಗೆ ಕಾಣದಂತಾಗಿತ್ತು. ಅದು ಇರಬೇಕಾದ ಖಾಲಿ ಜಾಗಕ್ಕೆ ಮೌಸ್ ಒಯ್ದು ಕ್ಲಿಕ್ ಮಾಡಿದರೆ ಕೆಲಸ ಮಾಡುತ್ತಿತ್ತು ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ ತಿಳಿಸಬೇಕಾಯಿತು. ವಿಂಡೋಸ್ 11ಕ್ಕೆ ಏರಿದ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳುವ ಅವಕಾಶವಿರುತ್ತದೆ. ಇದಕ್ಕಾಗಿ ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದು ‘ರೀಸ್ಟಾರ್ಟ್’ ಒತ್ತಿದರೆ ದುರಸ್ತಿಯ ಮೆನು ತೆರೆಯುತ್ತದೆ.

ಹೆಚ್ಚಿನ ಕಳವಳಕ್ಕೆ ಕಾರಣವಾಗುವುದು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳುವ ನೀಲಿ ಪರದೆ. ಬಿಟ್‌ಲಾಕರ್ ಎಂಬುದು ಡಿಸ್ಕಿನ ಮಾಹಿತಿಯನ್ನು ಸಂಕೇತಭಾಷೆಗೆ ಬದಲಿಸಿಡುವ ವ್ಯವಸ್ಥೆ. ಮನೆಯ ಯಂತ್ರಗಳಲ್ಲಿ ಇದು ತಾನಾಗಿ ಚಾಲೂ ಆಗಿದ್ದರೆ ಕೀಲಿಯ ಪ್ರತಿ, ಯಂತ್ರವನ್ನು ಮೊದಲು ಸಿದ್ಧಪಡಿಸಿದಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆ ಯಾರದು ಎಂಬುದೇ ಇಲ್ಲಿನ ಪ್ರಶ್ನೆ. ಕಂಪ್ಯೂಟರ್ ತಂದುಕೊಟ್ಟವರೇ ಯಾವುದೋ ಇಮೇಲ್ ಹಾಕಿ ಸಿದ್ಧಪಡಿಸಿದ್ದರೆ, ವರ್ಷಗಳ ಬಳಿಕ ಆ ಕೀಲಿಯನ್ನು ಹುಡುಕುವುದು ಕಷ್ಟ, ಕೀಲಿಯಿಲ್ಲದೆ ಡಿಸ್ಕನ್ನು ತೆರೆಯುವುದು ಅಸಾಧ್ಯ. ಕಚೇರಿಯ ಜಾಲಕ್ಕೆ ಸೇರಿದ ಯಂತ್ರವಾದರೆ ಯಾವ ಪ್ರಯೋಗವನ್ನೂ ಮಾಡದೆ ಅಲ್ಲಿನ ನಿರ್ವಾಹಕರನ್ನೇ ಕರೆಯಬೇಕು.

ಪಾಸ್‌ವರ್ಡ್ ನಿಜಕ್ಕೂ ಮರೆತಿದ್ದರೆ

ಉಬುಂಟುವಿನ ರಿಕವರಿ ಪಟ್ಟಿಯಲ್ಲಿ ‘ರೂಟ್’ ಆರಿಸಿದರೆ ಸಿಗುವ ಅಕ್ಷರಪರದೆಯಲ್ಲಿ, ಡಿಸ್ಕಿಗೆ ಬರೆಯುವ ಅನುಮತಿಯನ್ನು ಮರಳಿಸಿಕೊಂಡು, ಪಿ, ಎ, ಎಸ್, ಎಸ್, ಡಬ್ಲ್ಯು, ಡಿ ಎಂಬ ಆದೇಶದ ಮುಂದೆ ಬಳಕೆದಾರನ ಹೆಸರಿಟ್ಟು ಹೊಸ ಪಾಸ್‌ವರ್ಡ್ ಕೊಡಬಹುದು. ಹಳೆಯ ಪಾಸ್‌ವರ್ಡ್ ಕೇಳದೆಯೇ ಇಷ್ಟು ಸುಲಭವಾಗಿ ಇದು ಸಾಧ್ಯವೆಂದಾದರೆ, ಯಂತ್ರದ ಬಳಿ ಕುಳಿತ ಯಾರಿಗಾದರೂ ಸಾಧ್ಯವೆಂದೇ ಅರ್ಥ. ಸಂಕೇತೀಕರಿಸದ ಡಿಸ್ಕಿನ ಮಟ್ಟಿಗೆ ಲಾಗಿನ್ ಪಾಸ್‌ವರ್ಡ್ ಮರ್ಯಾದಸ್ಥರನ್ನು ಮಾತ್ರ ತಡೆಯುತ್ತದೆ. ಹೀಗೆ ಬದಲಿಸಿದ ಮೇಲೆ ಒಳಹೋದರೂ ಬ್ರೌಸರ್ ತೆರೆದಾಗ ಹಳೆಯ ಪಾಸ್‌ವರ್ಡನ್ನು ಕೇಳುವ ಚಿಕ್ಕ ಕಿಟಕಿ ಬರಬಹುದು. ಉಳಿಸಿಟ್ಟ ಗುಪ್ತಪದಗಳ ಗಂಟಾದ ಕೀರಿಂಗ್ ಇನ್ನೂ ಹಳೆಯ ಪಾಸ್‌ವರ್ಡಿನಿಂದಲೇ ಮುಚ್ಚಿರುವುದು ಇದಕ್ಕೆ ಕಾರಣ. ಹಳೆಯದು ನೆನಪಾಗದಿದ್ದರೆ ಆ ಗಂಟನ್ನು ಕೈಬಿಟ್ಟು ಹೊಸದನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಮನೆ ಫೋಲ್ಡರನ್ನು ಸಂಕೇತೀಕರಿಸಿಟ್ಟವರು ಈ ಮಾರ್ಗವನ್ನು ಹಿಡಿಯಲೇಬಾರದು, ಅಲ್ಲಿ ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಕಡತಗಳು ತೆರೆಯುವುದಿಲ್ಲ.

ರಿಪೇರಿಗೆ ಒಯ್ಯುವ ಮೊದಲು

ಯಾವ ಪ್ರಯತ್ನವೂ ಫಲಿಸದಿದ್ದರೂ ಕಡತಗಳನ್ನು ಹೊರತೆಗೆಯಲು ಇನ್ನೊಂದು ದಾರಿ ಉಳಿದಿರುತ್ತದೆ. ಬೇರೊಂದು ಕಂಪ್ಯೂಟರಿನಲ್ಲಿ ಉಬುಂಟುವನ್ನು ಪೆನ್‌ಡ್ರೈವಿಗೆ ಇಳಿಸಿ, ಕೆಟ್ಟ ಯಂತ್ರವನ್ನು ಅದರಿಂದಲೇ ಚಾಲೂ ಮಾಡಿ, ಸ್ಥಾಪಿಸುವ ಬದಲು ‘ಟ್ರೈ’ ಎಂಬುದನ್ನು ಆರಿಸಿದರೆ, ಡಿಸ್ಕನ್ನು ಮುಟ್ಟದೆ ಪೂರ್ಣ ವ್ಯವಸ್ಥೆಯೊಂದು ತೆರೆದುಕೊಳ್ಳುತ್ತದೆ. ಅದರ ಫೈಲ್ಸ್ ಕಿಟಕಿಯ ಮೂಲಕ ಹಳೆಯ ಡಿಸ್ಕನ್ನು ತೆರೆದು, ಬೇಕಾದ ಫೋಲ್ಡರುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲಿಸಿಕೊಳ್ಳಬಹುದು. ವಿಂಡೋಸ್ ಯಂತ್ರಕ್ಕೂ, ಬಿಟ್‌ಲಾಕರ್ ಇಲ್ಲದಿದ್ದರೆ, ಇದೇ ಪೆನ್‌ಡ್ರೈವ್ ಸಾಕು. ಮಿಂಟ್‌ನ ಟೈಮ್‌ಶಿಫ್ಟ್ ಸೌಲಭ್ಯವನ್ನು ನಂಬಿಕೊಂಡವರು ಒಂದು ಮಾತು ತಿಳಿದಿರಬೇಕು: ರೂಢಿಯ ಹೊಂದಾಣಿಕೆಯಲ್ಲಿ ಅದು ವ್ಯವಸ್ಥೆಯ ಕಡತಗಳ ಪ್ರತಿಯನ್ನಷ್ಟೇ ಇಡುತ್ತದೆ, ಮನೆ ಫೋಲ್ಡರಿನ ಫೋಟೊಗಳದ್ದಲ್ಲ.

ಮುಂದಿನ ಅಪ್‌ಗ್ರೇಡಿಗೆ ಮೊದಲು ಕಡತಗಳ ಪ್ರತಿಯ ಜೊತೆಗೆ ಆಡಳಿತಾಧಿಕಾರವುಳ್ಳ ಎರಡನೆಯ ಬಳಕೆದಾರ ಖಾತೆಯೊಂದನ್ನು ಸೃಷ್ಟಿಸಿಟ್ಟು, ಬಿಟ್‌ಲಾಕರ್ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡರೆ ಮೇಲಿನ ಬಹುಪಾಲು ತಲೆನೋವು ತಪ್ಪುತ್ತದೆ. ಇಷ್ಟರ ಮೇಲೂ ಯಂತ್ರವನ್ನು ರಿಪೇರಿಗೆ ಕೊಡಬೇಕಾಗಿ ಬಂದರೆ, ‘ಡೇಟಾ ಉಳಿಸಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ಅಂಗಡಿಯ ರಸೀದಿಯಲ್ಲೇ ಬರೆಸಿಕೊಂಡು ಬರಬೇಕು.